ಖಾಲಿ ಕಡಲು: ಸಮುದ್ರದ ಚಿತ್ರಗಳಿಂದ ಜನ ಎಲ್ಲಿಗೆ ಹೋದರು?

ಈ ಸಲದ ಮಾತು ಸ್ವಲ್ಪ ಉದ್ದ ಆಯ್ತು. ವಿಡಿಯೋದಲ್ಲಿ ಕೆಲವು ಕಡೆ ಓಡಿಸಿದ್ದೀನಿ, ಬರಹದಲ್ಲಿ ಆ ಜಾಗಗಳನ್ನ ಬಿಡಿಸಿ ಹಾಕಿದ್ದೀನಿ. ವಿಡಿಯೋ ನೋಡದೆ ನೇರ ಇಲ್ಲಿಗೆ ಬಂದವರಿಗೂ ಅರ್ಥ ಆಗಬೇಕು ಅನ್ನೋದು ಉದ್ದೇಶ.

ಪುಣೆ, ಹೈದರಾಬಾದ್, ಗುರುಗ್ರಾಮ, ಎಲ್ಲೇ ಆಗಲಿ, ಫರ್ನಿಶ್ಡ್ ಫ್ಲಾಟ್ ಬಾಡಿಗೆಗೆ ಹಿಡಿದವರು ಇದನ್ನ ಗಮನಿಸಿರ್ತೀರಿ. ಸೋಫಾದ ಮೇಲ್ಗಡೆ ಗೋಡೆಗೆ ಒಂದು ಸಮುದ್ರದ ಪ್ರಿಂಟ್ ಇರುತ್ತೆ. ಬೂದು ಬಣ್ಣದ ನೀರು, ತಿಳಿ ಆಕಾಶ, ಮಧ್ಯೆ ಒಂದು ಗೆರೆ. ಜಾಸ್ತಿ ಅಂದ್ರೆ ಮೂಲೆಯಲ್ಲಿ ಒಂದು ಖಾಲಿ ಬೆಂಚು, ಇಲ್ಲಾ ಯಾರೂ ಕೂತಿರದ ಒಂದು ದೋಣಿ. ಆಫೀಸಿನ ಮೀಟಿಂಗ್ ರೂಮಲ್ಲೂ ಅದೇ, ದಂತವೈದ್ಯರ ಕ್ಲಿನಿಕ್ಕಲ್ಲೂ ಅದೇ. ಮನುಷ್ಯರು ಮಾತ್ರ ಇರಲ್ಲ. ಅಂಗಡಿಯವರು ಇದನ್ನ 'ಶಾಂತಿ' ಅನ್ನೋ ಹೆಸರಲ್ಲಿ ಮಾರ್ತಾರೆ. ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿ ಲೈಟ್ ಆರಿಸೋ ಮುಂಚೆ ಅದನ್ನ ನೋಡಿದವರಿಗೆ ಅದು ಶಾಂತಿಯೋ, ಒಂಟಿತನವೋ ಅಂತ ಒಂದು ಕ್ಷಣ ಅನುಮಾನ ಬಂದಿರಲೂಬಹುದು.

ನಮ್ಮ ಭಾಷೆಯಲ್ಲಿ ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವನ್ನ ಹುಡುಕಿಕೊಂಡು ಹೋಗ್ತೀವಿ, ಒಂಟಿತನ ನಮ್ಮನ್ನ ಹುಡುಕಿಕೊಂಡು ಬರುತ್ತೆ. ಖಾಲಿ ಸಮುದ್ರದ ಚಿತ್ರ ಇವೆರಡರಲ್ಲಿ ಯಾವುದು ಅಂತ ಹೇಳೋಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ಸಮುದ್ರ ನಿಜಕ್ಕೂ ಖಾಲಿ ಇತ್ತಾ, ಅಥವಾ ಯಾರಾದ್ರೂ ಅದನ್ನ ಖಾಲಿ ಮಾಡಿದ್ರಾ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಜಗತ್ತಿನ ಅತಿ ಪ್ರಸಿದ್ಧ ಸಮುದ್ರದ ಪ್ರಿಂಟ್‌ನಿಂದ ಶುರು ಮಾಡೋಣ. ಜಪಾನಿನ ಹೊಕುಸಾಯ್ ಸುಮಾರು 1831ರಲ್ಲಿ ಮಾಡಿದ ಕನಗಾವಾದ ದೊಡ್ಡ ಅಲೆ. ಟಿ ಶರ್ಟ್ ಮೇಲೆ, ಮಗ್ ಮೇಲೆ, ಲ್ಯಾಪ್‌ಟಾಪ್ ಸ್ಟಿಕರ್ ಮೇಲೆ ನೀವೆಲ್ಲ ನೋಡಿರೋದೇ. ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಕಾಗದ ಒತ್ತಿ ತೆಗೆದ ಮುದ್ರಣ ಅದು. ಚಿತ್ರ ಬರೆದವರು ಒಬ್ಬರು, ಹಲಗೆ ಕೆತ್ತಿದವರು ಇನ್ನೊಬ್ಬರು, ಒತ್ತಿದವರು ಮತ್ತೊಬ್ಬರು. ಸಾವಿರಾರು ಪ್ರತಿ ತೆಗೆದು ಸಾಮಾನ್ಯ ಜನರಿಗೆ ಕಡಿಮೆ ಬೆಲೆಗೆ ಮಾರಿದ್ದು. ಅದರಲ್ಲಿರೋ ಗಾಢ ನೀಲಿ, ಪ್ರಷ್ಯನ್ ಬ್ಲೂ, ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ. ಹಾಗಾಗಿ 'ಶುದ್ಧ ಜಪಾನಿ' ಅಂತ ನಾವು ಅಂದುಕೊಳ್ಳೋ ಆ ನೀಲಿ ಆಗಿನ ಕಾಲದ ಆಮದು ಮಾಲು.

ಈಗ ಕಣ್ಣು ಮುಚ್ಚಿ ಆ ಚಿತ್ರ ನೆನಪಿಸಿಕೊಳ್ಳಿ. ದೊಡ್ಡ ಅಲೆ, ಅದರ ಉಗುರಿನಂಥ ನೊರೆ, ದೂರದಲ್ಲಿ ಪುಟ್ಟ ಫ್ಯೂಜಿ ಬೆಟ್ಟ. ಎಷ್ಟು ಜನ ಮನುಷ್ಯರಿದ್ದಾರೆ?

ನಾನು ಕೇಳಿದವರಲ್ಲಿ ಹೆಚ್ಚಿನವರು 'ಯಾರೂ ಇಲ್ಲ' ಅಂದ್ರು. ಇದ್ದಾರೆ. ಮೂರು ಉದ್ದ ದೋಣಿಗಳಿವೆ, ಅವುಗಳಲ್ಲಿ ಸುಮಾರು 30 ಜನ ತಲೆ ತಗ್ಗಿಸಿ ಹುಟ್ಟು ಹಿಡಿದು ಅಂಟಿಕೊಂಡು ಕೂತಿದ್ದಾರೆ. ತಾಜಾ ಮೀನನ್ನ ಎದೋ ನಗರದ, ಅಂದ್ರೆ ಇವತ್ತಿನ ಟೋಕಿಯೋದ ಮಾರುಕಟ್ಟೆಗೆ ವೇಗವಾಗಿ ಮುಟ್ಟಿಸೋ ದೋಣಿಗಳು ಅವು. ಒಂದು ರೀತಿಯಲ್ಲಿ ಆ ಕಾಲದ ಕ್ವಿಕ್ ಡೆಲಿವರಿ. ಅಲೆ ಅವರ ಮೇಲೆ ಬೀಳೋಕೆ ಇನ್ನು ಒಂದೆರಡು ಸೆಕೆಂಡ್ ಇದೆ. ಚಿತ್ರದ ವಿಷಯವೇ ಅದು! ಆದ್ರೂ ನಮ್ಮ ಕಣ್ಣು ಅವರನ್ನ ದಾಟಿ ಹೋಗಿಬಿಡುತ್ತೆ.

ಆಪಲ್ ಫೋನಿನ ಅಲೆಯ ಎಮೋಜಿ ನೋಡಿ. ಹೊಕುಸಾಯ್ ಅಲೆಯ ಪಡಿಯಚ್ಚು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಅದರಲ್ಲಿ ದೋಣಿ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ 30 ಜನರನ್ನ ಕೂರಿಸೋಕೆ ಆಗಲ್ಲ, ಒಪ್ಪೋಣ. ಆದರೆ ಯಾವುದನ್ನ ಉಳಿಸಬೇಕು, ಯಾವುದನ್ನ ಬಿಡಬೇಕು ಅಂತ ಬಂದಾಗ ಮೊದಲು ಕೈಬಿಟ್ಟದ್ದು ಕೆಲಸ ಮಾಡ್ತಾ ಇದ್ದವರನ್ನ.

ಮಲ್ಪೆಯ ಮೀನುಗಾರರ ಮನೆಯವರಿಗೆ ಇದೇ ಚಿತ್ರ ತೋರಿಸಿದ್ರೆ ಅವರು ಮೊದಲು ದೋಣಿ ಎಣಿಸ್ತಾರೆ ಅನ್ನೋದು ನನ್ನ ಊಹೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ನಿಮಗೆ ನೆನಪಿರಬಹುದು. ಏಳು ಜನ ಇದ್ದರು. ಮಹಾರಾಷ್ಟ್ರದ ಕಡಲಲ್ಲಿ ಸಂಪರ್ಕ ಕಡಿದುಹೋಯ್ತು. ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಾಲ್ವಣ್ ಆಚೆಗಿನ ಸಮುದ್ರದ ತಳದಲ್ಲಿ ಅದರ ಅವಶೇಷ ಪತ್ತೆ ಮಾಡಿದ್ರು. ಆ ಐದು ತಿಂಗಳು ಆ ಮನೆಗಳವರು ದಡದಲ್ಲಿ ನಿಂತು ನೋಡಿದ್ದೂ ಖಾಲಿ ಸಮುದ್ರವನ್ನೇ. ನೀರು, ಆಕಾಶ, ಮಧ್ಯೆ ಒಂದು ಗೆರೆ. ಅವರಲ್ಲಿ ಯಾರೂ ಅದನ್ನ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಲ್ಲ.

ಇದನ್ನ ನಿಮಗೆ ಬೇಸರ ಮಾಡೋಕೆ ಹೇಳ್ತಾ ಇಲ್ಲ. ಖಾಲಿ ಸಮುದ್ರ ಚೆಂದ ಅನ್ನೋ ಭಾವನೆ ಎಲ್ಲರಿಗೂ, ಎಲ್ಲ ಕಾಲಕ್ಕೂ ಇದ್ದದ್ದಲ್ಲ, ಅದಕ್ಕೊಂದು ಇತಿಹಾಸ ಇದೆ ಅಂತ ತೋರಿಸಬೇಕಿತ್ತು.

ಆ ಇತಿಹಾಸವನ್ನ ತುಂಬಾ ಚೆನ್ನಾಗಿ ಬರೆದವರು ಫ್ರಾನ್ಸಿನ ಅಲಾಂ ಕೊರ್ಬಾಂ. 1988ರಲ್ಲಿ ಬಂದ ಅವರ ಪುಸ್ತಕದ ಫ್ರೆಂಚ್ ಹೆಸರನ್ನ ಕನ್ನಡಕ್ಕೆ ತಂದ್ರೆ 'ಶೂನ್ಯದ ಸೀಮೆ' ಅಂತಾಗುತ್ತೆ. 1750ರಿಂದ 1840ರ ನಡುವೆ ಯುರೋಪಿನ ಉಳ್ಳವರಿಗೆ ಕಡಲತೀರದ ಮೇಲೆ ಆಸೆ ಹುಟ್ಟಿದ್ದು ಹೇಗೆ ಅನ್ನೋದು ಅದರ ವಿಷಯ. ಅದಕ್ಕೂ ಮುಂಚೆ ಅವರ ಪಾಲಿಗೆ ದಡ ಅಂದ್ರೆ ನಾರೋ ಜಾಗ, ಹಡಗು ಒಡೆಯೋ ಜಾಗ, ಪ್ರಳಯದ ನೆನಪು. ಆಮೇಲೆ ವೈದ್ಯರು ತಣ್ಣೀರಿನ ಸಮುದ್ರ ಸ್ನಾನ ಒಳ್ಳೇದು ಅಂದ್ರು. ಕವಿಗಳು, ಚಿತ್ರಕಾರರು ಬಂದ್ರು. ಆಮೇಲೆ ರೈಲು ಬಂತು. ಇಂಗ್ಲೆಂಡಿನಲ್ಲಿ ಲಂಡನ್ನಿಂದ ಬ್ರೈಟನ್‌ಗೆ 1841ರಲ್ಲಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಸಮುದ್ರ ಅನ್ನೋದು ವೀಕೆಂಡ್ ಟ್ರಿಪ್ ಆಯ್ತು. ಊರೊಳಗೆ ಹೊಗೆ, ಗದ್ದಲ ಹೆಚ್ಚಿದಷ್ಟೂ ದಡ ಖಾಲಿ ಇರಬೇಕು ಅನ್ನೋ ಆಸೆ ಹೆಚ್ಚಿತು. ಅಲ್ಲಿ ಮೊದಲಿಂದ ಬಲೆ ಒಣಗಿಸ್ತಾ ಇದ್ದವರು ನೋಟಕ್ಕೆ ಅಡ್ಡ ಆದ್ರು.

ಚೆನ್ನೈನಲ್ಲಿರೋರಿಗೆ ಇದು ಪುಸ್ತಕದ ಮಾತು ಅನ್ನಿಸಲಾರದು. 1985ರಲ್ಲಿ ಮರೀನಾ ಬೀಚ್ ಅಂದಗೊಳಿಸ್ತೀವಿ ಅಂತ ಮೀನುಗಾರರ ದೋಣಿ, ಬಲೆ ತೆರವು ಮಾಡೋಕೆ ಹೋಗಿ, ಪೊಲೀಸ್ ಗುಂಡಿಗೆ ಜೀವಗಳು ಹೋದವು. 2023ರ ಏಪ್ರಿಲ್‌ನಲ್ಲಿ ಲೂಪ್ ರೋಡಿನ ಮೀನಿನ ಅಂಗಡಿಗಳನ್ನ ತೆಗೆಸಿದಾಗಲೂ ನೊಚ್ಚಿಕುಪ್ಪದವರು ಬೀದಿಗಿಳಿದ್ರು. ಬೀಚ್ ಅಂದ್ರೆ ಹೇಗಿರಬೇಕು ಅನ್ನೋ ಚಿತ್ರ ನಮ್ಮ ತಲೆಯಲ್ಲಿ ಮೊದಲೇ ಇರುತ್ತೆ, ಆಮೇಲೆ ಬೀಚನ್ನ ಅದಕ್ಕೆ ತಕ್ಕಂತೆ ಎಡಿಟ್ ಮಾಡ್ತೀವಿ.

ಮತ್ತೆ ಚಿತ್ರಕ್ಕೇ ಬರೋಣ. ಖಾಲಿ ಸಮುದ್ರದ ಚಿತ್ರದ ವಂಶಾವಳಿ ಬರೆದ್ರೆ ಮೇಲ್ಗಡೆ ಬರೋ ಹೆಸರು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್. ಬಾಲ್ಟಿಕ್ ಸಮುದ್ರದ ದಡದ ಗ್ರೈಫ್ಸ್‌ವಾಲ್ಡ್ ಊರಿನವರು, ಹುಟ್ಟಿದ್ದು 1774. ಅವರ 'ಕಡಲ ದಡದ ಸನ್ಯಾಸಿ' ಅನ್ನೋ ತೈಲಚಿತ್ರ 1808ರಿಂದ 1810ರ ನಡುವಿನದ್ದು. ಸುಮಾರು 110 ಸೆಂಟಿಮೀಟರ್ ಎತ್ತರ, 171 ಸೆಂಟಿಮೀಟರ್ ಅಗಲದ ಕ್ಯಾನ್ವಾಸ್. ಕೆಳಗೆ ಬಿಳಿ ಮರಳಿನ ಒಂದು ಪಟ್ಟಿ, ಆಮೇಲೆ ಕಪ್ಪು ನೀರಿನ ಇನ್ನೂ ಸಣ್ಣ ಪಟ್ಟಿ, ಉಳಿದದ್ದೆಲ್ಲ ಆಕಾಶ. ಮರಳಿನ ಮೇಲೆ ಬೆರಳಿನಷ್ಟು ಎತ್ತರದ ಒಬ್ಬ ಸನ್ಯಾಸಿ, ನಮಗೆ ಬೆನ್ನು ಹಾಕಿ ನಿಂತಿದ್ದಾನೆ.

1809ರಲ್ಲಿ ಚಿತ್ರಶಾಲೆಗೆ ಬಂದು ಇದನ್ನ ನೋಡಿದ ಒಬ್ಬ ಮಹಿಳೆ ಕಾಗದ ಬರೆದಿದ್ದಾರೆ. ಸಹ ಕಲಾವಿದರೊಬ್ಬರ ಹೆಂಡತಿ ಅವರು. ಇದರಲ್ಲಿ ನೋಡೋಕೇ ಏನೂ ಇಲ್ಲ, ದೋಣಿ ಇಲ್ಲ, ಹಡಗು ಇಲ್ಲ, ಹೋಗಲಿ ಒಂದು ಸಮುದ್ರ ರಾಕ್ಷಸ ಆದ್ರೂ ಬೇಡವಾ ಅನ್ನೋ ಧಾಟಿಯ ದೂರು. ಮುಂದಿನ ವರ್ಷ ಬರ್ಲಿನ್‌ನಲ್ಲಿ ಪ್ರದರ್ಶನ ಆದಾಗ ಲೇಖಕ ಕ್ಲೈಸ್ಟ್, ಇದು ಕಣ್ಣು ಮುಚ್ಚಿಕೊಳ್ಳೋಕೂ ಬಿಡದ ಚಿತ್ರ ಅನ್ನೋ ಅರ್ಥದಲ್ಲಿ ಬರೆದರು. ಪ್ರಷ್ಯಾದ ರಾಜ ಅದನ್ನ ಕೊಂಡುಕೊಂಡ.

ಅತಿ ಮುಖ್ಯವಾದ ಸಂಗತಿ ಹೊರಗೆ ಬಂದದ್ದು ನಮ್ಮ ಕಾಲದಲ್ಲಿ. ಇನ್‌ಫ್ರಾರೆಡ್ ಬೆಳಕಲ್ಲಿ ಪರೀಕ್ಷೆ ಮಾಡಿದಾಗ, ಆ ಕಪ್ಪು ನೀರಿನ ಮೇಲೆ ಮೊದಲು ಹಡಗುಗಳಿದ್ದವು ಅಂತ ಗೊತ್ತಾಯ್ತು. ಫ್ರೀಡ್ರಿಕ್ ಹಡಗು ಬರೆದು, ಆಮೇಲೆ ಅವುಗಳ ಮೇಲೆ ಬಣ್ಣ ಬಳಿದು ಮುಚ್ಚಿದ್ದಾರೆ. ಅಂದ್ರೆ ಆ ಖಾಲಿತನ ಮೊದಲ ಡ್ರಾಫ್ಟ್‌ನಲ್ಲಿ ಇರಲಿಲ್ಲ. ಅದು ಎಡಿಟಿಂಗ್. ಒಂದು ಮಾತು ಹೇಳಿಬಿಡ್ತೀನಿ, ಅದನ್ನ ವಿವರಣೆ ಅಂತ ತಗೋಬೇಡಿ: ಫ್ರೀಡ್ರಿಕ್‌ಗೆ 13 ವರ್ಷ ಇದ್ದಾಗ ಅವರ ತಮ್ಮ ಅವರ ಕಣ್ಣೆದುರೇ ನೀರಿನಲ್ಲಿ ಮುಳುಗಿ ಸತ್ತ. ಅವರ ಚಿತ್ರಗಳನ್ನೆಲ್ಲ ಇದೊಂದರಿಂದಲೇ ಬಿಡಿಸೋಕೆ ಹೊರಡೋರು ಇದ್ದಾರೆ. ನನಗೆ ಅದು ತುಂಬಾ ಸುಲಭದ ದಾರಿ ಅನ್ನಿಸುತ್ತೆ.

ಮುಂದಿನ ಹೆಜ್ಜೆ ಫೋಟೋಗ್ರಫಿ. ನಾನು ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನು, ಹಾಗಾಗಿ ಗುಸ್ತಾವ್ ಲ ಗ್ರೇ ಅಂದ್ರೆ ನನಗೆ ಸ್ವಲ್ಪ ಪಕ್ಷಪಾತ. 1856, 57ರ ಸುಮಾರಿಗೆ ಫ್ರಾನ್ಸಿನ ದಡಗಳಲ್ಲಿ ಇವರು ತೆಗೆದ ಸಮುದ್ರದ ಫೋಟೋಗಳು ಪ್ಯಾರಿಸ್, ಲಂಡನ್ ಎರಡೂ ಕಡೆ ದೊಡ್ಡ ಸುದ್ದಿ ಆದವು. ಆಗಿನ ಗಾಜಿನ ನೆಗೆಟಿವ್‌ನ ರಾಸಾಯನಿಕ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸ್ತಾ ಇತ್ತು. ನೀರು ಸರಿಯಾಗಿ ಮೂಡೋಷ್ಟು ಹೊತ್ತು ಬೆಳಕು ಬಿಟ್ರೆ ಆಕಾಶ ಪೂರ್ತಿ ಬಿಳಿಚಿಕೊಳ್ತಾ ಇತ್ತು. ಲ ಗ್ರೇ ಏನು ಮಾಡಿದ್ರು? ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು. ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸಿ ಒಂದೇ ಕಾಗದಕ್ಕೆ ಅಚ್ಚು ಹಾಕಿದ್ರು. ಸೆತ್ ಅನ್ನೋ ಊರಿನ 1857ರ 'ದೊಡ್ಡ ಅಲೆ' ಹೀಗೇ ಆದದ್ದು. ನಿಮ್ಮ ಫೋನಿನ ಎಚ್‌ಡಿಆರ್ ಮೋಡ್ ಮಾಡೋ ಕೆಲಸದ ಮುತ್ತಜ್ಜ ಇದು. ಒಂದೇ ಆಕಾಶವನ್ನ ಬೇರೆ ಬೇರೆ ಸಮುದ್ರಗಳಿಗೂ ಅವರು ಬಳಸಿದ್ದುಂಟು, ನಾವು ಕೋಡ್ ಮರುಬಳಕೆ ಮಾಡೋ ಹಾಗೆ.

ಹೀಗಾಗಿ ಆ ಫೋಟೋದಲ್ಲಿರೋ ಕ್ಷಣ ಭೂಮಿ ಮೇಲೆ ಎಂದೂ ನಡೆದಿಲ್ಲ. ಆ ನೀರಿನ ಮೇಲೆ ಆ ಮೋಡ ಇರಲೇ ಇಲ್ಲ. 1999ರಲ್ಲಿ ಲಂಡನ್ ಹರಾಜಿನಲ್ಲಿ ಇದರ ಒಂದು ಪ್ರತಿ 5 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯ್ತು. ಲ ಗ್ರೇಗೆ ಆ ಹಣದ ಒಂದು ಚೂರು ಸಿಕ್ಕಿದ್ರೆ ಸಾಕಿತ್ತು. 1860ರಲ್ಲಿ ಅವರ ಸ್ಟುಡಿಯೋ ಮುಚ್ಚಿತು. ಹೆಂಡತಿ ಮಕ್ಕಳನ್ನ ಬಿಟ್ಟು, ಕಾದಂಬರಿಕಾರ ಅಲೆಕ್ಸಾಂದ್ರ ದ್ಯುಮಾ ಜೊತೆ ಹಡಗು ಹತ್ತಿದ್ರು. ದಾರಿಯಲ್ಲಿ ಜಗಳ ಆಗಿ ದ್ಯುಮಾ ಇವರನ್ನ ಮಾಲ್ಟಾದಲ್ಲಿ ಇಳಿಸಿ ಹೋದರು. ಅಲ್ಲಿಂದ ಸಿರಿಯಾ ಕಡೆ, ಆಮೇಲೆ ಈಜಿಪ್ಟ್. ಕೈರೋದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ 1884ರಲ್ಲಿ ತೀರಿಕೊಂಡ್ರು. ಫ್ರಾನ್ಸಿಗೆ ವಾಪಸ್ ಬರಲೇ ಇಲ್ಲ.

ಈಗ ನಮ್ಮ ಕಾಲ. ಇಬ್ಬರ ಬಗ್ಗೆ ಮಾತ್ರ ಹೇಳ್ತೀನಿ, ಇಬ್ಬರೂ ಹುಟ್ಟಿದ ದೇಶ ಬಿಟ್ಟು ಅಮೆರಿಕ ಸೇರಿದವರು.

ಮೊದಲನೆಯವರು ಹಿರೋಶಿ ಸುಗಿಮೊಟೊ. 1948ರಲ್ಲಿ ಟೋಕಿಯೋದಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸ್, ಅಲ್ಲಿಂದ ನ್ಯೂಯಾರ್ಕ್. 1980ರಲ್ಲಿ ಜಮೈಕಾದ ದಡದಿಂದ ಕೆರಿಬಿಯನ್ ಸಮುದ್ರದ ಒಂದು ಕಪ್ಪು ಬಿಳುಪು ಫೋಟೋ ತೆಗೆದರು. ಹಳೆ ಕಾಲದ ದೊಡ್ಡ ಮರದ ಕ್ಯಾಮೆರಾ, ದಿಗಂತ ಸರಿಯಾಗಿ ಮಧ್ಯದಲ್ಲಿ, ಮೇಲರ್ಧ ಗಾಳಿ, ಕೆಳಗರ್ಧ ನೀರು. ಹಡಗು, ಹಕ್ಕಿ, ದಡ, ಏನೂ ಇಲ್ಲ. ಆಮೇಲೆ ಹತ್ತಾರು ವರ್ಷ ಜಗತ್ತಿನ ಬೇರೆ ಬೇರೆ ಸಮುದ್ರಗಳನ್ನ ಇದೇ ಒಂದೇ ಟೆಂಪ್ಲೇಟ್‌ನಲ್ಲಿ ತೆಗೆದರು. ಶೀರ್ಷಿಕೆಯಲ್ಲಿ ಜಾಗದ ಹೆಸರು ಮಾತ್ರ. ಆದಿಮಾನವ ನೋಡಿದ ನೋಟವನ್ನ ಇವತ್ತಿನವರು ನೋಡೋಕೆ ಸಾಧ್ಯವಾ ಅನ್ನೋದು ಅವರ ಪ್ರಶ್ನೆ. ಬೆಟ್ಟ ಬದಲಾಗುತ್ತೆ, ಕಾಡು ಹೋಗುತ್ತೆ, ಸಮುದ್ರದ ಮೇಲ್ಮೈ ಮಾತ್ರ ಹಾಗೇ ಇದೆ ಅನ್ನೋ ತರ್ಕ. ತಮ್ಮ ಮೊದಲ ನೆನಪು ರೈಲಿನ ಕಿಟಕಿಯಿಂದ ಕಂಡ ಸಮುದ್ರ ಅಂತಲೂ ಹೇಳಿಕೊಂಡಿದ್ದಾರೆ.

ಇವರ ಒಂದು ಚಿತ್ರ ನೀವು ಗೊತ್ತಿಲ್ಲದೇ ನೋಡಿರ್ತೀರಿ. ಯು ಟೂ ತಂಡದ 2009ರ ಆಲ್ಬಮ್ 'ನೋ ಲೈನ್ ಆನ್ ದ ಹೊರೈಜನ್' ಮುಖಪುಟ ಅದು. ಎಲ್ಲರೂ ಅದನ್ನ ಸಮುದ್ರ ಅಂದುಕೊಳ್ತಾರೆ. 1993ರ ಆ ಚಿತ್ರ ಸ್ವಿಸ್ ದಡದ ಉಟ್‌ವಿಲ್ ಊರಿಂದ ತೆಗೆದ ಬೋಡನ್ ಸರೋವರದ್ದು, ಸಿಹಿನೀರು! ಶೀರ್ಷಿಕೆ ಓದದೇ ಇದ್ರೆ ಉಪ್ಪು ನೀರೋ, ಸಿಹಿ ನೀರೋ ಅಂತ ಹೇಳೋಕಾಗಲ್ಲ. ಅಷ್ಟರಮಟ್ಟಿಗೆ ಅಲ್ಲಿಂದ ಎಲ್ಲ ಗುರುತನ್ನೂ ಅಳಿಸಲಾಗಿದೆ.

ಸುಗಿಮೊಟೊ ಚಿತ್ರಗಳು ಭವ್ಯ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ನನಗೆ ಒಂದು ತಕರಾರಿದೆ. ಸಮುದ್ರ ಆದಿಮಾನವನ ಕಾಲದಿಂದ ಹಾಗೇ ಇದೆ ಅನ್ನೋದು ಕಂಟೇನರ್ ಹಡಗು, ಟ್ರಾಲರ್ ಎಲ್ಲ ಚೌಕಟ್ಟಿನಿಂದ ಆಚೆ ಹೋಗೋವರೆಗೆ ಕಾದಾಗ ಮಾತ್ರ ನಿಜ. ಗೋಕರ್ಣದಲ್ಲಿ ನಾವು ಫೋನ್ ಹಿಡಿದು 'ಆ ಅಂಕಲ್ ಒಂಚೂರು ಆಚೆ ಹೋಗಲಿ' ಅಂತ ಕಾಯ್ತೀವಲ್ಲ, ಅದರ ಅತ್ಯಂತ ಉನ್ನತ ರೂಪ ಇದು. ಈಗ ಕಾಯೋದೂ ಬೇಡ, ಬೆರಳಲ್ಲಿ ಒರೆಸಿದ್ರೆ ಆ ಅಂಕಲ್ ಮಾಯ. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ 1999ರಲ್ಲೇ ರೈನ್ ನದಿಯ ದೊಡ್ಡ ಫೋಟೋದಿಂದ ನಾಯಿ ಕರಕೊಂಡು ಹೋಗ್ತಾ ಇದ್ದವರನ್ನೂ, ಆಚೆ ದಡದ ಕಾರ್ಖಾನೆ ಕಟ್ಟಡವನ್ನೂ ಕಂಪ್ಯೂಟರ್‌ನಲ್ಲಿ ತೆಗೆದುಹಾಕಿದ್ದರು. 2011ರಲ್ಲಿ ಅದು 43 ಲಕ್ಷ ಡಾಲರ್‌ಗೆ ಮಾರಾಟ ಆಯ್ತು.

ಎರಡನೆಯವರು ವಿಯಾ ಸೆಲ್ಮಿನ್ಸ್. ನಿಜ ಹೇಳಬೇಕಂದ್ರೆ ಇವರ ಬಗ್ಗೆ ಹೇಳೋಕೇ ನಾನು ಇಷ್ಟು ಸುತ್ತು ಹಾಕಿದ್ದು.

1938ರಲ್ಲಿ ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಹುಟ್ಟಿದವರು. ಅದೂ ಬಾಲ್ಟಿಕ್ ಕಡೆಯ ಊರೇ. 1944ರಲ್ಲಿ ಸೋವಿಯತ್ ಸೈನ್ಯ ಹತ್ತಿರ ಬಂದಾಗ ಮನೆಯವರೆಲ್ಲ ಊರು ಬಿಟ್ಟರು. ಆಗ ವಿಯಾ ಐದು, ಆರು ವರ್ಷದ ಹುಡುಗಿ. ಯುದ್ಧದಲ್ಲಿ ನೆಲಕಚ್ಚಿದ ಜರ್ಮನಿಯಲ್ಲಿ ನಿರಾಶ್ರಿತರಾಗಿ ಕೆಲವು ವರ್ಷ, 1948ರಲ್ಲಿ ಚರ್ಚ್ ಸಂಸ್ಥೆಯೊಂದರ ನೆರವಿನಿಂದ ಅಮೆರಿಕ. ನೆಲೆ ನಿಂತದ್ದು ಇಂಡಿಯಾನಾಪೊಲಿಸ್‌ನಲ್ಲಿ, ಸಮುದ್ರದಿಂದ ಬಲು ದೂರ. ಶಾಲೆಯಲ್ಲಿ ಇಂಗ್ಲಿಷ್ ಬರ್ತಾ ಇರಲಿಲ್ಲ, ಹಾಗಾಗಿ ಚಿತ್ರ ಬರೀತಾ ಇದ್ದರು. ಹಿಂದಿ ಬರದೇ ದೆಹಲಿಗೆ, ಮರಾಠಿ ಬರದೇ ಪುಣೆಗೆ ಮಕ್ಕಳನ್ನ ಕರಕೊಂಡು ಹೋಗಿ ಶಾಲೆಗೆ ಸೇರಿಸಿದವರಿಗೆ ಆ ಮಗು ಮನೆಗೆ ಬಂದು ಮೂಲೆಯಲ್ಲಿ ಕೂತು ಏನು ಮಾಡುತ್ತೆ ಅಂತ ಗೊತ್ತಿರುತ್ತೆ. ಎರಡೂ ಒಂದೇ ಅಂತ ಹೇಳ್ತಾ ಇಲ್ಲ. ನಮ್ಮನ್ನ ಓಡಿಸಿದ್ದು ಯುದ್ಧ ಅಲ್ಲ, ಆಫರ್ ಲೆಟರ್.

1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ರು. ಆ ವರ್ಷಗಳ ತೈಲಚಿತ್ರಗಳಲ್ಲಿ ಅವರ ರೂಮಿನ ಹೀಟರ್, ಟೇಬಲ್ ಲ್ಯಾಂಪ್, ಹಾಟ್ ಪ್ಲೇಟ್. ಒಂದೊಂದು ಚಿತ್ರದಲ್ಲಿ ಒಂದೊಂದೇ ವಸ್ತು, ಬೂದು ಹಿನ್ನೆಲೆ. ಬಾಡಿಗೆ ರೂಮಿನ ಇನ್ವೆಂಟರಿ ಲಿಸ್ಟ್ ಇದ್ದ ಹಾಗೆ. ಆಮೇಲೆ ಹಳೆ ಪತ್ರಿಕೆಗಳಿಂದ ತೆಗೆದ ಎರಡನೇ ಮಹಾಯುದ್ಧದ ವಿಮಾನಗಳು. 1968ರ ಹೊತ್ತಿಗೆ ಬಣ್ಣ, ಕುಂಚ ಎರಡನ್ನೂ ಬದಿಗಿಟ್ಟು ಪೆನ್ಸಿಲ್ ಹಿಡಿದರು.

ಆಗ ಅವರ ಸ್ಟುಡಿಯೋ ಇದ್ದದ್ದು ವೆನಿಸ್‌ನಲ್ಲಿ. ಇಟಲಿಯದ್ದಲ್ಲ, ಲಾಸ್ ಏಂಜಲೀಸ್‌ನ ವೆನಿಸ್ ಬೀಚ್. ಅಲ್ಲಿ ಸಮುದ್ರದೊಳಗೆ ಚಾಚಿಕೊಂಡ ಒಂದು ಕಟ್ಟೆ ಇದೆ. ಅದರ ಮೇಲೆ ನಿಂತು ಕೆಳಗಿನ ನೀರಿನ ಫೋಟೋ ತೆಗೆದು, ಸ್ಟುಡಿಯೋಗೆ ಬಂದು ಆ ಫೋಟೋ ನೋಡ್ಕೊಂಡು ಪೆನ್ಸಿಲ್‌ನಲ್ಲಿ ಅಲೆ ಅಲೆಯಾಗಿ ಬರೀತಾ ಇದ್ದರು. ದೋಣಿ ಇಲ್ಲ, ಹಕ್ಕಿ ಇಲ್ಲ. ಫ್ರೀಡ್ರಿಕ್‌ಗೆ ಒಬ್ಬ ಸನ್ಯಾಸಿ ಆದ್ರೂ ಇದ್ದ, ಸುಗಿಮೊಟೊಗೆ ದಿಗಂತ ಆದ್ರೂ ಇದೆ. ಸೆಲ್ಮಿನ್ಸ್ ಅದನ್ನೂ ಬಿಟ್ಟುಬಿಟ್ಟರು. ಆಕಾಶ ಇಲ್ಲ, ದಡ ಇಲ್ಲ, ಮೇಲೆ ಕೆಳಗೆ ಅಂತ ಇಲ್ಲ. ಕಾಗದದ ನಾಲ್ಕೂ ಅಂಚಿನವರೆಗೆ ಬರೀ ನೀರಿನ ಸುಕ್ಕು.

ಇದೇ ಸಮುದ್ರವನ್ನ ಅವರು ಮುದ್ರಣಕ್ಕೆ ತಂದಾಗ ಏನಾಯ್ತು ಅನ್ನೋದು ನನಗೆ ಅತ್ಯಂತ ಇಷ್ಟವಾದ ಭಾಗ. 'ಪ್ರಿಂಟ್' ಅಂದ್ರೆ ನಮಗೆ ಕಂಟ್ರೋಲ್ ಪಿ. ಕಲಾವಿದರ ಪ್ರಿಂಟ್ ಹಾಗಲ್ಲ. ಕಲ್ಲು, ತಾಮ್ರ, ಮರ ಯಾವುದಾದರೊಂದರ ಮೇಲೆ ಕೈಯಾರೆ ಚಿತ್ರ ಮಾಡಿ, ಅದಕ್ಕೆ ಮಸಿ ಹಚ್ಚಿ, ಕಾಗದ ಒತ್ತಿ, ಇಷ್ಟೇ ಪ್ರತಿ ಅಂತ ಲೆಕ್ಕ ಮಾಡಿ ತೆಗೀತಾರೆ. ಕೆಳಗೆ ಪೆನ್ಸಿಲ್‌ನಲ್ಲಿ 12/50 ಅಂತ ಬರೆದಿದ್ರೆ 50ರಲ್ಲಿ 12ನೇದು ಅಂತ ಅರ್ಥ. 1975ರಲ್ಲಿ ಸೆಲ್ಮಿನ್ಸ್ ಸಮುದ್ರ, ಮರುಭೂಮಿ, ಆಕಾಶ, ನಕ್ಷತ್ರಪುಂಜ ಅಂತ ನಾಲ್ಕು ಲಿಥೋಗ್ರಾಫ್‌ಗಳ ಒಂದು ಗುಚ್ಛ ಮಾಡಿದ್ರು. 1983ರಲ್ಲಿ ಸಮುದ್ರದ ಮೇಲ್ಮೈಯನ್ನ ಡ್ರೈಪಾಯಿಂಟ್‌ನಲ್ಲಿ ಮಾಡಿದ್ರು. ಅಂದ್ರೆ ಲೋಹದ ತಗಡನ್ನ ಚೂಪು ಸೂಜಿಯಿಂದ ಗೀರೋದು. ಗೀರಿದಾಗ ಪಕ್ಕದಲ್ಲಿ ಏಳೋ ಲೋಹದ ಪುಡಿ ಅಂಚು ಮಸಿ ಹಿಡಿದು ಗೆರೆಗೆ ಮೆತ್ತಗಿನ ಕಪ್ಪು ಕೊಡುತ್ತೆ. ಪ್ರತಿ ಸಲ ಒತ್ತಿದಾಗಲೂ ಆ ಅಂಚು ಸವೆಯುತ್ತೆ, ಅದಕ್ಕೇ ಹೆಚ್ಚು ಪ್ರತಿ ತೆಗೆಯೋಕಾಗಲ್ಲ.

1992ರಲ್ಲಿ ಮರ. ಮರದ ಮೇಲೆ ಸಣ್ಣ ಉಳಿಯಿಂದ ಕೆತ್ತೋ ವಿಧಾನ. ಇದರ ಲೆಕ್ಕ ತಿರುಗುಮುರುಗು. ಕೆತ್ತದೇ ಬಿಟ್ಟದ್ದು ಮಸಿ ಹಿಡಿದು ಕಪ್ಪಾಗುತ್ತೆ, ಕೆತ್ತಿ ತೆಗೆದದ್ದು ಬಿಳಿಯಾಗಿ ಉಳಿಯುತ್ತೆ. ಅಲೆಯ ಮೇಲೆ ಬೆಳಕು ಮಿನುಗೋ ಒಂದೊಂದು ಚುಕ್ಕೆಯೂ, ಮರದಿಂದ ಕೆತ್ತಿ ಹೊರಗೆ ಹಾಕಿದ ಒಂದೊಂದು ಚೂರು. ಕೈ ತಪ್ಪಿದ್ರೆ ಕಂಟ್ರೋಲ್ ಝಡ್ ಇಲ್ಲ. ಲ್ಯಾಪ್‌ಟಾಪ್ ಪರದೆಯ ಆಸುಪಾಸಿನ ಗಾತ್ರದ ಚಿತ್ರದಲ್ಲಿ ಅಂಥ ಲೆಕ್ಕವಿಲ್ಲದಷ್ಟು ಗೀರುಗಳಿವೆ. ಇವರ ಕಡಲನ್ನ ದೂರದಿಂದ ನೋಡಿದ್ರೆ ಫೋಟೋ ಅನ್ನಿಸುತ್ತೆ. ಹತ್ತಿರ ಹೋದಷ್ಟೂ ನೀರು ಮಾಯವಾಗಿ ಕೈಯ ಗುರುತುಗಳು ಮಾತ್ರ ಉಳಿಯುತ್ತವೆ.

ಸೋಫಾದ ಮೇಲಿನ ಪೋಸ್ಟರ್‌ಗೂ ಇದಕ್ಕೂ ವ್ಯತ್ಯಾಸ ನನಗೆ ಕಾಣೋದು ಇಲ್ಲಿ. ಆ ಪೋಸ್ಟರ್‌ನಲ್ಲೂ ಯಾರೂ ಇಲ್ಲ, ಇದರಲ್ಲೂ ಯಾರೂ ಇಲ್ಲ. ಅಲ್ಲಿ ಜನರನ್ನ ತೆಗೆದ ಜಾಗದಲ್ಲಿ ಏನನ್ನೂ ಇಡಲಿಲ್ಲ, ಜಾಗ ಸುಮ್ಮನೆ ಬಿತ್ತು. ಇಲ್ಲಿ ಒಬ್ಬರು ಆ ಜಾಗದಲ್ಲಿ ದಿನಗಟ್ಟಲೆ ಕೂತು ಕೆಲಸ ಮಾಡಿದ್ದಾರೆ. ಹೊಕುಸಾಯ್ ದೋಣಿಯಲ್ಲಿ ಬೆನ್ನು ಬಗ್ಗಿಸಿ ಕೂತಿದ್ದವರು ನೆನಪಾಗ್ತಾರೆ ನನಗೆ. ಸೆಲ್ಮಿನ್ಸ್ ಚಿತ್ರದಲ್ಲಿ ದೋಣಿ ಇಲ್ಲದೇ ಇರಬಹುದು, ದುಡಿದ ಮೈ ಮಾತ್ರ ಗೆರೆ ಗೆರೆಯಲ್ಲೂ ಇದೆ.

ಇನ್ನೊಂದು ವಿಷಯ. ಇವರ ಜೀವನಕಥೆ ಗೊತ್ತಾದ ಕೂಡಲೇ ನಮಗೆಲ್ಲ ಒಂದು ಆಸೆ ಹುಟ್ಟುತ್ತೆ. ಊರು ಕಳಕೊಂಡ ಹುಡುಗಿ, ಆಚೆ ದಡ ಕಾಣದ ಸಮುದ್ರ, ಆಯ್ತು, ಕಥೆ ಸಿಕ್ತು! ಸಂದರ್ಶನಗಳಲ್ಲಿ ಸೆಲ್ಮಿನ್ಸ್ ಈ ಬಗೆಯ ಓದಿಗೆ ಅಷ್ಟು ಸುಲಭಕ್ಕೆ ಸೊಪ್ಪು ಹಾಕಲ್ಲ. ಅವರು ಮಾತಾಡೋದು ಕಾಗದದ ಮೇಲ್ಮೈ ಬಗ್ಗೆ, ಗ್ರಾಫೈಟ್ ಬಗ್ಗೆ, ಒಂದು ಫೋಟೋವನ್ನ ಕೈಯಿಂದ ಮತ್ತೆ ವಿವರಿಸೋದರ ಬಗ್ಗೆ. ಭಾವನೆ ಹುಡುಕಿಕೊಂಡು ಹೋದವರಿಗೆ ಅವರು ಪೆನ್ಸಿಲ್ ತೋರಿಸ್ತಾರೆ. ನನಗೆ ಇದು ತುಂಬಾ ಹಿಡಿಸಿತು. ಹೊರಗಿದ್ದೀವಿ ಅಂದ ಮಾತ್ರಕ್ಕೆ ನಾವು ಮಾಡೋ ಪ್ರತಿಯೊಂದೂ ಊರಿನ ಹಂಬಲವೇ ಆಗಿರಬೇಕಾ? ದಸರಾ, ರಾಜ್ಯೋತ್ಸವ ಬಂದಾಗಲೆಲ್ಲ ಕನ್ನಡ ಸಂಘದ ವೇದಿಕೆಗಳಲ್ಲಿ ನಾವು ನಮ್ಮ ಬಗ್ಗೆಯೇ ಹೇಳಿಕೊಳ್ಳೋ ಅದೊಂದೇ ಕಥೆ ಕೇಳಿ ನನಗೂ ಸಾಕಾಗಿದೆ. ಒಬ್ಬರು ದೂರ ದೇಶದ ನೀರನ್ನ ಅದರ ಪಾಡಿಗೆ, ಅದು ಇರೋ ಹಾಗೆ, ಮನಸ್ಸಿಟ್ಟು ನೋಡಬಹುದು.

1977ರಿಂದ 1982ರವರೆಗೆ ಅವರು ಮಾಡಿದ ಇನ್ನೊಂದು ಕೆಲಸ ಇದೆ, ಪ್ರಿಂಟ್ ಅಲ್ಲದೇ ಇದ್ರೂ ಹೇಳದೇ ಬಿಡೋಕೆ ಮನಸ್ಸಿಲ್ಲ. ಹೆಕ್ಕಿ ತಂದ 11 ಕಲ್ಲುಗಳು, ಪಕ್ಕದಲ್ಲಿ ಅವುಗಳದ್ದೇ 11 ನಕಲು. ನಕಲು ಕಂಚಿನಲ್ಲಿ ಎರಕ ಹೊಯ್ದು, ಮೇಲೆ ಚುಕ್ಕೆ ಚುಕ್ಕೆಯಾಗಿ ಬಣ್ಣ ಹಚ್ಚಿದ್ದು. ಯಾವುದು ಕಲ್ಲು, ಯಾವುದು ಕಂಚು ಅಂತ ನೋಡಿ ಹೇಳೋದು ಕಷ್ಟ. ಹೆಸರು, 'ಚಿತ್ರವನ್ನು ನೆನಪಿನಲ್ಲಿ ನಿಲ್ಲಿಸಲು' ಅನ್ನೋ ಅರ್ಥದ್ದು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್‌ನಲ್ಲಿದೆ. ಆ ಊರಿಗೆ ಆನ್‌ಸೈಟ್ ಹೋಗೋ ಅವಕಾಶ ಇದ್ದವರು, ಪ್ರದರ್ಶನದಲ್ಲಿ ಇಟ್ಟಿದ್ದಾರಾ ಅಂತ ಮೊದಲೇ ವೆಬ್‌ಸೈಟ್‌ನಲ್ಲಿ ನೋಡ್ಕೊಂಡು ಹೋಗಿ.

2014ರಲ್ಲಿ ರೀಗಾದ ಹಳೇ ಷೇರುಪೇಟೆ ಕಟ್ಟಡದಲ್ಲಿರೋ ಕಲಾ ಮ್ಯೂಸಿಯಮ್‌ನಲ್ಲಿ ಅವರ ಕೃತಿಗಳ ಪ್ರದರ್ಶನ ನಡೀತು. ಊರು ಬಿಟ್ಟು ಸರಿಯಾಗಿ 70 ವರ್ಷ ಆಗಿತ್ತು. ಅಲ್ಲಿಂದ ಕೊಲ್ಲಿಯ ನೀರು ಕೆಲವೇ ಕಿಲೋಮೀಟರ್. ಕಾಗದದ ಮೇಲಿನ ಅವರ ಕಡಲು ಕ್ಯಾಲಿಫೋರ್ನಿಯಾದ ಕಟ್ಟೆ ಮೇಲಿಂದ ಕಂಡ ಪೆಸಿಫಿಕ್.